ಇಲ್ಲದ ಕಣ್ಣಿನ ಊಳಿಗ

ಕಣ್ಣುಗುಡ್ಡೆ ತೆಗೆದ ಮೇಲೂ ಆ ಬದಿಯಲ್ಲಿ ಕಣ್ಣೀರು ಬರುತ್ತದೆ. ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ. ಕಣ್ಣೇ ಇಲ್ಲವೆಂದ ಮೇಲೆ ನೀರೆಲ್ಲಿಂದ ಬರಬೇಕು ಎಂದು ಕೇಳುತ್ತಾರೆ. ಕಣ್ಣೀರು ಹುಟ್ಟುವುದು ಕಣ್ಣುಗುಡ್ಡೆಯಲ್ಲಲ್ಲ. ಹುಬ್ಬಿನ ಕೆಳಗೆ, ಹೊರಮೂಲೆಯ ಮೂಳೆಯ ಮರೆಯಲ್ಲಿ ಚಿಕ್ಕದೊಂದು ಗ್ರಂಥಿಯಿದೆ. ಕ್ಯಾನ್ಸರಿಗಾಗಿ ಕಣ್ಣು ತೆಗೆಯುವ ವೈದ್ಯರ ಕತ್ತರಿ ಅದರ ತಂಟೆಗೆ ಹೋಗುವುದಿಲ್ಲ. ರೆಪ್ಪೆ ಉಳಿಯುತ್ತದೆ, ಎವೆ ಉಳಿಯುತ್ತದೆ, ಕಣ್ಣೀರು ಮೂಗಿಗೆ ಇಳಿಯುವ ಸಣ್ಣ ಕಾಲುವೆ ಉಳಿಯುತ್ತದೆ. ದುಃಖವಾದಾಗ ಮಿದುಳು ಎರಡೂ ಕಡೆಗೆ ಒಂದೇ ಕರೆ ಕಳಿಸುತ್ತದೆ. ಒಂದು ಕಡೆ ನೋಡುವ ಕಣ್ಣು, ಇನ್ನೊಂದು ಕಡೆ ಬಣ್ಣ ಬರೆದ ಅಕ್ರಿಲಿಕ್ ಚಿಪ್ಪು. ಎರಡರ ಮೇಲೂ ಅದೇ ಉಪ್ಪುನೀರು ಇಳಿಯುತ್ತದೆ.

ಇದನ್ನು ನನಗೆ ಮೊದಲು ತೋರಿಸಿಕೊಟ್ಟವಳು ಅಕ್ಕನ ಮಗಳು. ಅವರ ಮನೆ ಬೆಂಗಳೂರಿನ ಕೆಂಗೇರಿ ಉಪನಗರದಲ್ಲಿ. ಎರಡು ವರ್ಷ ತುಂಬುವ ಮೊದಲೇ ಅವಳ ಎಡಗಣ್ಣು ತೆಗೆಯಬೇಕಾಯಿತು. ಪ್ರೈಮರಿ ಶಾಲೆಯಲ್ಲಿದ್ದಾಗ ಯಾವುದಕ್ಕೋ ಅತ್ತವಳು ಅಳು ನಿಲ್ಲಿಸಿ, ಎಡಗೆನ್ನೆಗೆ ಬೆರಳಿಟ್ಟು, "ಚಿಕ್ಕಮ್ಮ, ಇದೂ ಅಳುತ್ತೆ ನೋಡು" ಅಂದಳು. ಅವಳ ದನಿಯಲ್ಲಿ ಬೇಸರವಿರಲಿಲ್ಲ, ಬೆರಗಿತ್ತು. ಈಗ ಡಿಗ್ರಿ ಓದುತ್ತಿದ್ದಾಳೆ. ಆ ಬೆರಗು ಅವಳಲ್ಲಿ ಎಷ್ಟು ಉಳಿದಿದೆಯೋ, ನನ್ನಲ್ಲಂತೂ ಬೆಳೆಯುತ್ತಲೇ ಹೋಯಿತು. ಕಣ್ಣು ತೆಗೆದ ಗೂಡಿನಲ್ಲಿ ಆಮೇಲೆ ಏನೇನಾಗುತ್ತದೆ ಎಂದು ತಿಳಿಯುತ್ತಾ ಹೋದಂತೆ ನನಗನ್ನಿಸಿದ್ದು ಇದು: ದೇಹ ಆ ಕಣ್ಣಿಗಾಗಿ ದುಡಿಯುವುದನ್ನು ಬಿಡುವುದೇ ಇಲ್ಲ. ಅವಳಿಗೆ ಬಂದ ತೊಂದರೆಗಳಲ್ಲಿ ಹಲವು ಆ ದುಡಿಮೆಯಿಂದಲೇ ಬಂದವು. ಅವಳ ಮುಖದ ಜೀವಂತಿಕೆಯೂ ಅದರಿಂದಲೇ ಬಂದಿತು.

ಅವಳ ಕಾಯಿಲೆ ರೆಟಿನೋಬ್ಲಾಸ್ಟೋಮಾ. ಆಸ್ಪತ್ರೆಯ ಬೆಂಚುಗಳಲ್ಲಿ ಎಲ್ಲರೂ 'ಆರ್‌ಬಿ' ಅನ್ನುತ್ತಾರೆ. ಸುಮಾರು 15ರಿಂದ 20 ಸಾವಿರ ಹೆರಿಗೆಗಳಿಗೆ ಒಂದು ಮಗುವಿನಲ್ಲಿ ಕಾಣುವ ರೆಟಿನಾದ ಕ್ಯಾನ್ಸರ್ ಇದು. ಹೆಚ್ಚುಪಾಲು ಮಕ್ಕಳಿಗೆ ಐದು ವರ್ಷದೊಳಗೇ ಬರುತ್ತದೆ. ನಮ್ಮ ದೇಶದ ಹೆರಿಗೆಗಳ ಲೆಕ್ಕದಲ್ಲಿ ವರ್ಷಕ್ಕೆ ಸಾವಿರಕ್ಕೂ ಮಿಕ್ಕಿ ಮಕ್ಕಳಾಯಿತು. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಳ್ಳಗೆ ಹೊಳೆಯುವುದು ಇದರ ಮೊದಲ ಗುರುತು. ಇವಳದನ್ನು ನೋಡಿ ಅಕ್ಕಪಕ್ಕದವರು ಬೆಕ್ಕಿನ ಕಣ್ಣು ಅಂದರು, ಅದೃಷ್ಟ ಅಂದರು. 1971ರಲ್ಲಿ ಅಮೆರಿಕದ ಆಲ್ಫ್ರೆಡ್ ನಡ್ಸನ್ ಎಂಬ ವೈದ್ಯ 48 ಮಕ್ಕಳ ದಾಖಲೆಗಳನ್ನು ಮುಂದಿಟ್ಟುಕೊಂಡು, ಬರೀ ವಯಸ್ಸಿನ ಲೆಕ್ಕದಿಂದ, ಒಂದು ಕೋಶಕ್ಕೆ ಎರಡು ಪೆಟ್ಟು ಬಿದ್ದಾಗ ಈ ಕ್ಯಾನ್ಸರ್ ಹುಟ್ಟುತ್ತದೆ ಎಂದು ಊಹಿಸಿದ. ಆ ಪೆಟ್ಟು ಬೀಳುವ ಜೀನ್ 13ನೇ ವರ್ಣತಂತುವಿನಲ್ಲಿದೆ. ಅದು ಕೈಗೆ ಸಿಕ್ಕಿದ್ದು 1986ರಲ್ಲಿ. ಹದಿನೈದು ವರ್ಷ ಮುಂಚೆ ಕಾಗದದ ಮೇಲೆ ಕಂಡದ್ದು ಆಮೇಲೆ ಕೋಶದೊಳಗೆ ಹಾಗೆಯೇ ಇತ್ತು.

ಇವತ್ತು ಕಿಮೋ, ಲೇಸರ್ ಮುಂತಾದವುಗಳಿಂದ ಎಷ್ಟೋ ಮಕ್ಕಳ ಕಣ್ಣು ಉಳಿಯುತ್ತಿದೆ. ಬೆಂಗಳೂರಿನಲ್ಲಿ 1896ರಷ್ಟು ಹಿಂದೆ ಶುರುವಾದ ಮಿಂಟೋ ಕಣ್ಣಾಸ್ಪತ್ರೆಯಿದೆ, 1973ರಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ನಮ್ಮ ಪಶ್ಚಿಮದ ಕಡೆಯವರಿಗೆ ರಾಜಾಜಿನಗರದ ನಾರಾಯಣ ನೇತ್ರಾಲಯ ಹತ್ತಿರ. ಆದರೂ ಗೆಡ್ಡೆ ಕಣ್ಣನ್ನು ತುಂಬಿಕೊಂಡಿದ್ದರೆ, ಕಣ್ಣು ಕೊಟ್ಟು ಜೀವ ಉಳಿಸಿಕೊಳ್ಳುವುದೇ ದಾರಿ. ಸ್ಕಾಟ್ಲೆಂಡಿನ ಜೇಮ್ಸ್ ವಾರ್ಡ್‌ರಾಪ್ 1809ರಲ್ಲಿ ಈ ಮಾತನ್ನು ಹೇಳಿದಾಗ ಮಂಪರು ಮದ್ದು ಇನ್ನೂ ಬಂದಿರಲಿಲ್ಲ. ಆ ಕಾಲದ ಮಕ್ಕಳನ್ನು ನೆನೆದರೆ ನನಗೆ ಮುಂದೆ ಓದಲಾಗುವುದಿಲ್ಲ.

ಶಸ್ತ್ರಚಿಕಿತ್ಸೆ ಅಂದರೆ ಏನೋ ಬಗೆದು ತೆಗೆಯುವುದು ಎಂದು ನಾನು ಅಂದುಕೊಂಡಿದ್ದೆ. ಅದು ಹಾಗಲ್ಲ. ಕಣ್ಣುಗುಡ್ಡೆಗೆ ಆರು ಸ್ನಾಯುಗಳು ಅಂಟಿಕೊಂಡಿರುತ್ತವೆ, ನಾಲ್ಕು ನೇರ, ಎರಡು ಓರೆ. ಅವನ್ನು ಒಂದೊಂದಾಗಿ ಬಿಡಿಸುತ್ತಾರೆ. ಹಿಂದಿನ ದೃಷ್ಟಿನರವನ್ನು, ಕ್ಯಾನ್ಸರ್ ಅದರೊಳಗೆ ತೆವಳಿರಬಹುದೆಂಬ ಭಯಕ್ಕೆ, ಆದಷ್ಟು ಉದ್ದ ಸೇರಿಸಿ ಕತ್ತರಿಸುತ್ತಾರೆ. ಗುಡ್ಡೆ ಇಡಿಯಾಗಿ ಹೊರಬರುತ್ತದೆ. ಆ ಜಾಗಕ್ಕೆ ಒಂದು ಬಾಲ್ ಇಟ್ಟು, ಬಿಡಿಸಿದ ಸ್ನಾಯುಗಳನ್ನು ಮತ್ತೆ ಅದರ ಸುತ್ತ ತಂದು ಹೊಲಿಯುತ್ತಾರೆ. ಅದರ ಮೇಲೆ ತೆಳುಪೊರೆ ಮುಚ್ಚುತ್ತಾರೆ. ಆರೆಂಟು ವಾರ ಕಳೆದು ಗಾಯ ಮಾಗಿದ ಮೇಲೆ ಪೊರೆಯ ಮುಂದೆ, ರೆಪ್ಪೆಯ ಹಿಂದೆ, ಕೃತಕ ಕಣ್ಣಿನ ಚಿಪ್ಪು ಕೂರುತ್ತದೆ.

ಇನ್ನು ಅಚ್ಚರಿ ಕೇಳಿ. ಎರಡು ಕಣ್ಣಿಗೂ ಮಿದುಳು ಸಮನಾದ ಅಪ್ಪಣೆ ಕೊಡುತ್ತದೆ ಎಂದು ಜರ್ಮನಿಯ ಎವಾಲ್ಡ್ ಹೇರಿಂಗ್ 1868ರಲ್ಲಿ ಹೇಳಿದ. ಬಲಗಣ್ಣು ಬಲಕ್ಕೆ ತಿರುಗಬೇಕಾದರೆ ಎಡಗಣ್ಣಿಗೂ ಅಷ್ಟೇ ತೂಕದ ಅಪ್ಪಣೆ ಹೊರಡುತ್ತದೆ. ಎಡಗಡೆ ಕಣ್ಣಿಲ್ಲ ಎಂಬ ಸುದ್ದಿ ಆ ಅಪ್ಪಣೆ ಹೊರಡುವ ಕಡೆಗೆ ತಲುಪುವುದೇ ಇಲ್ಲ. ನನ್ನ ಅಕ್ಕನ ಮಗಳು ಹಾಲಿನವನ ಗಂಟೆ ಕೇಳಿ ಬಾಗಿಲ ಕಡೆ ನೋಡಿದರೆ, ಕತ್ತಲೆಯಲ್ಲಿರುವ ಆ ಸ್ನಾಯುಗಳೂ ಎಳೆಯುತ್ತವೆ, ಬಾಲ್ ತಿರುಗುತ್ತದೆ, ಅದರ ಮುಂದಿನ ಚಿಪ್ಪು ತುಸು ಹೊರಳುತ್ತದೆ. ಪೂರ್ತಿ ಅಲ್ಲ, ತುಸು. ಎದುರಿಗೆ ಕೂತು ಮಾತಾಡುವವರಿಗೆ ಅಷ್ಟು ಸಾಕು. ಹದಿನೆಂಟು ವರ್ಷ ಆ ಸ್ನಾಯುಗಳು ಒಂದು ಗಳಿಗೆಯೂ ರಜೆ ತೆಗೆದುಕೊಂಡಿಲ್ಲ.

ಆ ಬಾಲ್‌ನ ಕತೆಯೂ ದೊಡ್ಡದು. ವಯಸ್ಕರ ಕಣ್ಣುಗುಡ್ಡೆ 24 ಮಿಲಿಮೀಟರ್ ಅಡ್ಡಳತೆಯದು, ಸುಮಾರು 7 ಮಿಲಿಲೀಟರ್ ಜಾಗ ಹಿಡಿಯುತ್ತದೆ. 20 ಮಿಲಿಮೀಟರಿನ ಬಾಲ್ ಇಟ್ಟರೆ ತುಂಬುವುದು 4 ಮಿಲಿಲೀಟರ್ ಚಿಲ್ಲರೆ. ಉಳಿದದ್ದನ್ನು ಚಿಪ್ಪು ತುಂಬಿಕೊಡಬೇಕು. ಮಕ್ಕಳಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮ. ಮಗುವಿನ ಮುಖದಲ್ಲಿ ಕಣ್ಣಿನ ಸುತ್ತಲ ಮೂಳೆ ಬೆಳೆಯುವುದು ಒಳಗಿನ ಗುಡ್ಡೆಯ ಒತ್ತಡ ಕಂಡು. ಒಳಗೆ ಏನೂ ಇಲ್ಲದಿದ್ದರೆ ಮೂಳೆ ಬೆಳೆಯಲು ಹಿಂಜರಿಯುತ್ತದೆ, ಮುಖದ ಒಂದು ಬದಿ ಸಣ್ಣದಾಗಿ ಉಳಿಯುತ್ತದೆ. ಬರೀ ಒಂದು ಗುಂಡು ಇಟ್ಟರೂ ಮೂಳೆ ಅದನ್ನು ನಂಬಿ ಬೆಳೆಯುತ್ತದೆ. ನಮ್ಮ ಕಡೆ ಹೆಚ್ಚಾಗಿ ಅಕ್ರಿಲಿಕ್ ಬಾಲ್ ಇಡುತ್ತಾರೆ, ಬೆಲೆ ಕಡಿಮೆ. 1985ರಲ್ಲಿ ಆರ್ಥರ್ ಪೆರಿ ಎಂಬ ಅಮೆರಿಕದ ವೈದ್ಯ ಸಮುದ್ರದ ಹವಳದಿಂದ ಮಾಡಿದ ಬಾಲ್ ಬಳಸಲು ಶುರುಮಾಡಿದರು. ಹವಳದ ತುಂಬ ಸಣ್ಣ ರಂಧ್ರಗಳು, ನಮ್ಮ ಮೂಳೆಯಲ್ಲಿರುವಂಥವೇ. ರಕ್ತನಾಳಗಳು ಆ ರಂಧ್ರಗಳೊಳಗೆ ಬೆಳೆದು ಒಳಹೊಕ್ಕು ನೆಲೆಸುತ್ತವೆ. ಕಡಲ ತಳದ ಸಣ್ಣ ಜೀವಿಗಳು ಕಟ್ಟಿಕೊಂಡ ಮನೆ ಒಬ್ಬ ಮನುಷ್ಯನ ಹುಬ್ಬಿನ ಕೆಳಗೆ ಬಂದು, ಅದರ ಓಣಿಗಳಲ್ಲಿ ಬಿಸಿರಕ್ತ ಓಡಾಡುತ್ತದೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಆದರೆ ಗೂಡು ಸುಮ್ಮನಿರುವುದಿಲ್ಲ. ಆಪರೇಷನ್ ಆಯಿತು, ಜೀವ ಉಳಿಯಿತು, ಕೃತಕ ಕಣ್ಣು ಕೂತಿತು, ಕತೆ ಮುಗಿಯಿತು ಎಂದು ಬಂಧುಬಳಗ ನಿಟ್ಟುಸಿರುಬಿಟ್ಟಿತು. ಅಕ್ಕನಿಗೆ ಮಾತ್ರ ಹಾಗೆ ಬಿಡಲಾಗಲಿಲ್ಲ. ಮೊದಲು ಗೀಜು. ಬೆಳಗೆದ್ದರೆ ಎಡಗಣ್ಣಿನ ಎವೆಗಳು ಅಂಟಿಕೊಂಡಿರುತ್ತಿದ್ದವು. ಕೃತಕ ಕಣ್ಣು ಇರುವವರೆಲ್ಲ ಹೇಳುವ ಮೊದಲ ದೂರು ಇದೇ. ಕಣ್ಣೀರಿನ ಸಾರ ಚಿಪ್ಪಿನ ಮೇಲೆ ಪದರವಾಗಿ ಕಟ್ಟುತ್ತದೆ, ನುಣುಪು ಕೆಡುತ್ತದೆ, ಒರಟಾದ ಮೈ ರೆಪ್ಪೆಯ ಒಳಪೊರೆಯನ್ನು ಉಜ್ಜುತ್ತದೆ, ಪೊರೆ ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಲೋಳೆ ಸುರಿಸುತ್ತದೆ. ಹಿಂದೆ ಅದೇ ಪೊರೆ ಅದೇ ಲೋಳೆಯಿಂದ ಕಣ್ಣನ್ನು ಕಾದಿತ್ತು. ಈಗಲೂ ಕಾಯುತ್ತಿದೆ, ಕಾಯಬೇಕಾದ ಕಣ್ಣಿಲ್ಲ ಅಷ್ಟೆ. ಅಕ್ಕ ಗೀಜು ಕಂಡಾಗಲೆಲ್ಲ ಚಿಪ್ಪು ತೆಗೆದು ತೊಳೆಯುತ್ತಿದ್ದಳು. ಹಾಗೆ ಪದೇಪದೇ ತೆಗೆದರೆ ಕೆರಳುವುದು ಹೆಚ್ಚು ಎಂದು ವೈದ್ಯರು ತಿಳಿಸಿ ಹೇಳಿದರು. ಸೌಮ್ಯವಾದ ಸೋಪಿನ ನೀರು ಸಾಕು, ಸ್ಪಿರಿಟ್ ಮುಟ್ಟಿಸಕೂಡದು, ವರ್ಷಕ್ಕೊಮ್ಮೆ ಪಾಲಿಶ್ ಮಾಡಿಸಬೇಕು.

ಆಮೇಲೆ ಮೇಲ್ರೆಪ್ಪೆಯ ಮೇಲೆ ಒಂದು ಹಳ್ಳ ಕಾಣಿಸಿಕೊಂಡಿತು. ರೆಪ್ಪೆ ಜೋತಿತು, ಕೆಳರೆಪ್ಪೆ ಚಿಪ್ಪಿನ ಭಾರಕ್ಕೆ ಸಡಿಲವಾಯಿತು, ಕಣ್ಣು ಒಳಗೆ ಇಳಿದಂತಾಯಿತು. ಟೈಯರ್ಸ್ ಮತ್ತು ಕಾಲಿನ್ ಎಂಬ ವೈದ್ಯರು 1982ರಲ್ಲಿ ಈ ಲಕ್ಷಣಗಳನ್ನೆಲ್ಲ ಒಟ್ಟಿಗೆ ಸೇರಿಸಿ ವಿವರಿಸಿದ್ದಾರೆ. ಗುಡ್ಡೆ ಹೋದ ಮೇಲೆ ಹಿಂದಿನ ಕೊಬ್ಬು, ಸ್ನಾಯು, ಎಳೆಗಳೆಲ್ಲ ಮೆಲ್ಲಗೆ ಜಾಗ ಬದಲಿಸುತ್ತವೆ. ಮೇಲಿನದು ಹಿಂದಕ್ಕೆ ಸರಿದು ಹಿಂದಿನದು ಕೆಳಗೆ, ಮುಂದಕ್ಕೆ ಬರುತ್ತದೆ. ವರ್ಷಗಟ್ಟಲೆ ನಡೆಯುವ ವಲಸೆ ಇದು. ಅಷ್ಟೂ ಕಾಲ ಒಂದು ಗುಂಡನೆಯ ವಸ್ತುವನ್ನು ಹೊತ್ತು ನಿಂತಿದ್ದವು ಅವು. ಹೊರೆ ಬದಲಾದ ಮೇಲೆ ಹೊಸ ಸಮತೋಲ ಹುಡುಕುತ್ತವೆ.

ಅವಳ ಹೈಸ್ಕೂಲಿನ ದಿನಗಳಲ್ಲಿ ಬಾಲ್‌ನ ಮೇಲಿನ ಪೊರೆ ಒಂದು ಕಡೆ ತೆಳುವಾಗಿ, ಸಾಸಿವೆಯಷ್ಟಗಲ ಬೆಳ್ಳಗೆ ಕಂಡಿತು. ಬಾಲ್ ಹೊರಗೆ ಇಣುಕುತ್ತಿತ್ತು. ಇಂಥದ್ದನ್ನು ಬಿಟ್ಟರೆ ಸೋಂಕು ತಗುಲುತ್ತದೆ, ಕೊನೆಗೆ ಬಾಲ್ ಹೊರಬಿದ್ದೀತು. ಮತ್ತೆ ಆಪರೇಷನ್ ಆಯಿತು. ಸೊಂಟದ ಕೆಳಭಾಗದಿಂದ ಚರ್ಮದ ಒಳಪದರವನ್ನು ಕೊಬ್ಬಿನ ಸಮೇತ ತೆಗೆದು ಗೂಡಿಗೆ ಕಸಿ ಮಾಡಿದರು. ಕಸಿ ಮಾಡಿದ ಆ ಕೊಬ್ಬು ಮಕ್ಕಳಲ್ಲಿ ಕೆಲವೊಮ್ಮೆ ಮೈ ಬೆಳೆದಂತೆ ತಾನೂ ಬೆಳೆಯುತ್ತದೆ. ಕೂರುವ ಜಾಗದ ಕೊಬ್ಬಿಗೆ ಕಣ್ಣಿನ ಜಾಗದಲ್ಲಿ ಬಾಳುವುದನ್ನು ಯಾರು ಕಲಿಸಿಕೊಟ್ಟರೋ.

ಈ ಎಲ್ಲದರ ಅಡಿಯಲ್ಲಿ ಅಕ್ಕನಿಗಿದ್ದ ಭಯ ಬೇರೆಯೇ. ಗೂಡಿನಲ್ಲಿ ಏನಾದರೂ ಉಬ್ಬಿದರೆ, ಸರಿಯಾಗಿ ಕೂರುತ್ತಿದ್ದ ಚಿಪ್ಪು ಇದ್ದಕ್ಕಿದ್ದಂತೆ ಮುಂದಕ್ಕೆ ನೂಕಿಸಿಕೊಂಡರೆ, ಕಾಯಿಲೆ ಗೂಡಿಗೇ ಮರಳಿದೆಯೇ ಎಂದು ತಕ್ಷಣ ನೋಡಿಸಬೇಕು. ಮೊದಲ ಒಂದೆರಡು ವರ್ಷ ಈ ಅಪಾಯ ಹೆಚ್ಚು. ಇನ್ನೊಂದು ಕಣ್ಣನ್ನೂ ಆಗಾಗ ಪರೀಕ್ಷಿಸುತ್ತಿರಬೇಕು. ಆ ವರ್ಷಗಳಲ್ಲಿ ಅಕ್ಕ ಮಗಳ ಮುಖ ನೋಡುತ್ತಿದ್ದ ರೀತಿ ನನಗೆ ನೆನಪಿದೆ. ಮುದ್ದಿಸುವಾಗಲೂ ತಪಾಸಣೆ ಮಾಡುತ್ತಿದ್ದಳು.

ಕಣ್ಣಿನ ಕತೆಗಳಿಗೆ ನಮ್ಮಲ್ಲಿ ಬರವಿಲ್ಲ. ಹರಕೆ ಹೊತ್ತು ದೇವಿಗೆ ಬೆಳ್ಳಿ ಕಣ್ಣು ಒಪ್ಪಿಸುತ್ತೇವೆ. ಲಿಂಗದ ಕಣ್ಣಿನಿಂದ ರಕ್ತ ಸೋರಿದ್ದು ಕಂಡು ತನ್ನ ಕಣ್ಣನ್ನು ಬಾಣದಿಂದ ಕಿತ್ತು ಅಲ್ಲಿಟ್ಟ ಬೇಡನನ್ನು ಹರಿಹರ ರಗಳೆಯಲ್ಲಿ ಹಾಡಿದ. ಎರಡನೆಯ ಕಣ್ಣನ್ನೂ ಕಿತ್ತರೆ ಜಾಗ ಕಾಣದಲ್ಲ ಎಂದು ಗುರುತಿಗೆ ಕಾಲನ್ನೇ ಊರಿದನಂತೆ ಆ ಭಕ್ತ. 1954ರ 'ಬೇಡರ ಕಣ್ಣಪ್ಪ'ದಲ್ಲಿ ಆ ಪಾತ್ರದಿಂದಲೇ ನಾಯಕನಾಗಿ ಬಂದ ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರಿನಲ್ಲಿ ಪುನೀತ್ ಹೋದಾಗ ಅವರ ಕಣ್ಣಿನ ಪಾರದರ್ಶಕ ಪಟಲಗಳನ್ನು ಪದರ ಬಿಡಿಸಿ ನಾಲ್ಕು ಜನಕ್ಕೆ ಬೆಳಕು ಕೊಟ್ಟರು. ಇವೆಲ್ಲ ನಮ್ಮ ನಾಡಿನ ಹೆಮ್ಮೆ. ಆದರೂ ಕಣ್ಣಪ್ಪನ ಕತೆ ಕೇಳುವಾಗೆಲ್ಲ ಈಗ ನನ್ನ ಮನಸ್ಸು ಬೇರೆಡೆ ಹೋಗುತ್ತದೆ. ಕಲ್ಲಿನ ಗೂಡಿಗೆ ಕಣ್ಣು ಸೇರಿತು, ರಕ್ತ ನಿಂತಿತು. ಕಣ್ಣಪ್ಪನ ಮುಖದಲ್ಲಿ ತೆರವಾದ ಗೂಡು ಏನಾಯಿತು? ಶಿವ ಮೆಚ್ಚಿ ಕಣ್ಣು ಮರಳಿಸುವವರೆಗಿನ ಆ ಕ್ಷಣದಲ್ಲಿ ಅದರ ಆರು ಸ್ನಾಯುಗಳು ಯಾವುದನ್ನು ಎಳೆಯುತ್ತಿದ್ದವು? ಕೊಟ್ಟ ಕಣ್ಣಿನ ಹಿಂದೆ ನಮ್ಮ ಕಾವ್ಯವೆಲ್ಲ ಹೋಗಿದೆ. ಗೂಡನ್ನು ನೋಡಿದವರು ಕಡಿಮೆ. ಮರ್ಯಾದೆಗಾಗಿ ಮುಖ ತಿರುಗಿಸುವುದನ್ನೇ ಕಲಿತಿದ್ದೇವೆ. ನೋಡಿದ್ದರೆ ಅಲ್ಲೂ ಹಾಡುವಂಥದ್ದಿತ್ತು.

ಉಪನಗರದಲ್ಲಿ ಅಕ್ಕನ ಮನೆಯ ಹಿಂದಿನ ಬೀದಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಅರವತ್ತು ದಾಟಿದ ಮೇಲೆ ಅವರ ಬಲಗಣ್ಣಿನಲ್ಲಿ ಮೆಲನೋಮಾ ಕಂಡು ಕಣ್ಣು ತೆಗೆಸಿದರು. ನಮ್ಮ ಜನರಲ್ಲಿ ಇದು ಅಪರೂಪ, ಯುರೋಪಿನ ಬಿಳಿಯರಲ್ಲಿ ಹೆಚ್ಚು. ಹರಡಿದರೆ ಮೊದಲು ಯಕೃತ್ತಿಗೆ ಹೋಗುವ ಸ್ವಭಾವ ಅದರದು, ಹಾಗಾಗಿ ಅವರಿಗೆ ಆಗಾಗ ಹೊಟ್ಟೆಯ ಸ್ಕ್ಯಾನ್ ಆಗುತ್ತಿರುತ್ತದೆ. ಪಾರ್ಕಿನ ಬೆಂಚಿನಲ್ಲಿ ಇವಳಿಗೂ ಅವರಿಗೂ ಪರಿಚಯವಾಯಿತು. ಒಂದು ದಿನ ಇವಳು ನೇರವಾಗಿ ಕೇಳಿಬಿಟ್ಟಳು, "ಸಾರ್, ನಿಮಗೆ ಆ ಕಡೆ ಏನಾದ್ರೂ ಕಾಣುತ್ತಾ?"

ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರಂತೆ. ಆಮೇಲೆ, "ರಾತ್ರಿ ಲೈಟ್ ಆರಿಸಿದ ಮೇಲೆ ನೀಲಿ ಚುಕ್ಕಿ ಬರ್ತಾವೆ ಕಣಮ್ಮ. ಒಂದೊಂದ್ಸಲ ರಂಗೋಲಿ ಎಳೆ ಎಳೆದಂಗೆ. ಮನೇಲಿ ಯಾರಿಗೂ ಹೇಳಿಲ್ಲ, ತಲೆ ಕೆಟ್ಟಿದೆ ಅಂದುಕೊಂಡಾರು ಅಂತ" ಅಂದರು.

ಕೈಕಾಲು ಕಳೆದುಕೊಂಡವರಿಗೆ ಇಲ್ಲದ ಬೆರಳು ನೋಯುವ ಸಂಗತಿಗೆ ಅಮೆರಿಕದ ವೈದ್ಯ ವೀರ್ ಮಿಚೆಲ್ 1871ರಲ್ಲಿ ಹೆಸರಿಟ್ಟ. ಕಣ್ಣಿಗೂ ಅದುಂಟು. ತೆಗೆದ ಕಣ್ಣಿನ ಬದಿ ಬೆಳಕು, ಬಣ್ಣ, ಜಾಲರಿ ಕಾಣುವವರು ಹಲವರಿದ್ದಾರೆ. ಕೆಲವರಿಗೆ ಮುಖಗಳೇ ಕಾಣುತ್ತವೆ. ದಣಿದಾಗ, ಮಬ್ಬು ಬೆಳಕಿನಲ್ಲಿ ಹೆಚ್ಚು. ನೋವು ಬರುವುದೂ ಉಂಟು. ಆದರೆ ಕ್ಯಾನ್ಸರ್ ಬಂದಿದ್ದವರ ಗೂಡಿನಲ್ಲಿ ನೋವು ಬಂದರೆ ಅದು ಇಲ್ಲದ ಕಣ್ಣಿನ ನೋವೆಂದು ತಾವೇ ತೀರ್ಮಾನಿಸಬಾರದು, ವೈದ್ಯರು ನೋಡಲೇಬೇಕು. ಮೇಷ್ಟ್ರು ತೋರಿಸಿಕೊಂಡರು, ಗೂಡು ಚೆನ್ನಾಗಿತ್ತು. ತಲೆಯ ಹಿಂಭಾಗದಲ್ಲಿ ನೋಟವನ್ನು ಕಟ್ಟುವ ಮಿದುಳಿನ ಭಾಗ, ಬರುತ್ತಿದ್ದ ಸುದ್ದಿ ನಿಂತಾಗ ಸುಮ್ಮನೆ ಕೂರದೆ ತಾನೇ ಬೆಳಕು ನೇಯುತ್ತದೆ. ನಾವು ನೋಡುತ್ತೇವೆ ಎಂದುಕೊಂಡಿರುವುದರಲ್ಲಿ ಎಷ್ಟು ಹೊರಗಿನದು, ಎಷ್ಟು ಆ ನೇಯುವವನ ಕೈಯದು? ಎರಡು ಕಣ್ಣಿದ್ದವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಮೇಷ್ಟ್ರಿಗೆ ಅದು ದಿನಾ ರಾತ್ರಿ ಹಾಸಿಗೆಯ ಮೇಲೆ ಬಂದು ಕೂರುತ್ತದೆ.

"ನನಗೇನೂ ಕಾಣಲ್ಲ ಸಾರ್," ಅಂದಳಂತೆ ಇವಳು. "ಒಂದ್ಸಲ ಕಾಣ್ಲಿ ಅಂತ ಆಸೆ." ಎರಡು ವರ್ಷ ತುಂಬುವ ಮೊದಲೇ ಹೋದ ಕಣ್ಣು ಏನನ್ನು ಕಲಿತಿತ್ತೋ, ಏನನ್ನು ಬಿಟ್ಟುಹೋಯಿತೋ. ಅವಳ ಆಸೆಯ ಮಾತು ಕೇಳಿ ಮೇಷ್ಟ್ರು ತಮ್ಮ ಚುಕ್ಕಿಗಳಿಗೆ ಹೆದರುವುದನ್ನು ಬಿಟ್ಟರು.

ಮೇಷ್ಟ್ರು ಕೆಲಸದಲ್ಲಿದ್ದಾಗ ಶಾಲೆಯ ಮಕ್ಕಳನ್ನು ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ ಕರೆದುಕೊಂಡು ಹೋಗುತ್ತಿದ್ದವರು. ಕೆಂಗೇರಿಯವರಿಗೆ ಅದು ನೆಂಟರ ಮನೆಯಷ್ಟು ಹತ್ತಿರ. ಸುಮಾರು 400 ವರ್ಷದ್ದೆನ್ನುವ ಆ ಮರ ಮೂರು ಎಕರೆಯಷ್ಟು ಹಬ್ಬಿದೆ, ಆದರೆ ಅದರ ಮೂಲ ಕಾಂಡ ರೋಗ ಹತ್ತಿ ಹೋಗಿ ಎಷ್ಟೋ ವರ್ಷವಾಯಿತು. ಈಗಿರುವುದು ಬಿಳಲುಗಳು ನೆಲಕ್ಕಿಳಿದು ಕಾಂಡವಾದ ತೋಪು. ಹೊಸಬರಿಗೆ ಹಲವು ಮರ ಕಂಡಂತಾಗುತ್ತದೆ. ಮೇಷ್ಟ್ರು ಇವಳಿಗೆ ಹೇಳಿದ್ದು ಬೇರೆ. "ಕೊಂಬೆಗಳು ಹೋಗಿರೋ ದಿಕ್ಕು ನೋಡಮ್ಮ. ಹೋದ ಕಾಂಡ ಎಲ್ಲಿತ್ತು ಅಂತ ಅವೇ ಹೇಳ್ತಾವೆ." ಅವಳ ಗೂಡಿನ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಕೇಳಿಲ್ಲ. ರೆಪ್ಪೆಯ ಬಾಗು, ಸ್ನಾಯುವಿನ ಎಳೆತ, ಮೂಳೆಯ ದುಂಡು, ಎಲ್ಲವೂ ಇಲ್ಲದ ಒಂದರ ಆಕಾರವನ್ನು ಹಿಡಿದುಕೊಂಡಿವೆ.

ಒಂದು ಕಣ್ಣಿನಲ್ಲಿ ಬದುಕುವುದನ್ನು ಅವಳು ಕಲಿತದ್ದು ನಮಗೆ ಯಾರಿಗೂ ಗೊತ್ತಾಗದಂತೆ. ಮೇಷ್ಟ್ರು ಮಾತ್ರ ಕಷ್ಟಪಟ್ಟರು. ಚೊಂಬಿನಿಂದ ಲೋಟಕ್ಕೆ ಬಗ್ಗಿಸಿದ ನೀರು ಪಕ್ಕಕ್ಕೆ ಬೀಳುತ್ತಿತ್ತು, ಮೆಟ್ಟಿಲ ಕೊನೆ ತಿಳಿಯುತ್ತಿರಲಿಲ್ಲ, ಕೆಂಗೇರಿ ಬಸ್ ಸ್ಟ್ಯಾಂಡಿನಲ್ಲಿ ಬಲಗಡೆಯಿಂದ ಬಂದವರೆಲ್ಲ ಡಿಕ್ಕಿ ಹೊಡೆಯುತ್ತಿದ್ದರು. ಎರಡು ಕಣ್ಣು ಬೇರೆ ಬೇರೆ ಜಾಗದಿಂದ ನೋಡಿ ಆಳ ಅಳೆಯುತ್ತವೆ. ಒಂದು ಹೋದರೆ ಆ ಅಳತೆ ಹೋಗುತ್ತದೆ. ಕೆಲವು ತಿಂಗಳಲ್ಲಿ ಮಿದುಳು ಬೇರೆ ಉಪಾಯ ಹಿಡಿಯುತ್ತದೆ. 2021ರ ಆಗಸ್ಟಿನಲ್ಲಿ ಕೆಂಗೇರಿಗೆ ಮೆಟ್ರೋ ಬಂದ ಮೇಲೆ ಅವಳು ಆ ಉಪಾಯವನ್ನು ಮೇಷ್ಟ್ರಿಗೆ ರೈಲಿನ ಕಿಟಕಿಯಲ್ಲಿ ತೋರಿಸಿದಳು: ಹತ್ತಿರದ ಕಂಬ ಸರ್ರನೆ ಹಿಂದೆ ಓಡುತ್ತದೆ, ಆಚೆಯ ಕಟ್ಟಡ ನಿಧಾನ, ದೂರದ ಗುಡ್ಡ ನಿಂತೇ ಇರುತ್ತದೆ. ನಾವೇ ಚಲಿಸುತ್ತಾ ದೂರ ಅಳೆಯುವುದು. ಅವಳು ಲೋಟ ಎತ್ತಿಕೊಳ್ಳುವ ಮುಂಚೆ ತಲೆಯನ್ನು ಎಳ್ಳಷ್ಟು ಅಲ್ಲಾಡಿಸುತ್ತಾಳೆ, ಅದೂ ಇದೇ ಲೆಕ್ಕ. 1961ರಲ್ಲಿ ಕಾರು ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡ ಕ್ರಿಕೆಟಿಗ ಪಟೌಡಿ ಮರುವರ್ಷ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ 103 ರನ್ ಹೊಡೆದರು.

ಇನ್ನೊಂದು ಗುಟ್ಟು ಮಿದುಳಿನ ಕಟ್ಟಡದಲ್ಲೇ ಇದೆ. ಒಂದೊಂದು ಕಣ್ಣಿನಿಂದ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳು ಹೊರಡುತ್ತವೆ. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿ ದಾಟಿ ಆಚೆ ಬದಿಯ ಮಿದುಳಿಗೆ, ಉಳಿದರ್ಧ ಈಚೆ ಬದಿಗೆ. ಎಡಗಣ್ಣು ಹೋದರೂ ಮಿದುಳಿನ ಎರಡು ಅರ್ಧಗಳಲ್ಲಿ ಯಾವುದೂ ಕತ್ತಲಾಗುವುದಿಲ್ಲ, ಬಲಗಣ್ಣು ಎರಡಕ್ಕೂ ಹಂಚುತ್ತಿರುತ್ತದೆ. ಆ ಒಂದು ಕಣ್ಣನ್ನು ಕಾಯಲು ಅವಳು ಪವರ್ ಇಲ್ಲದಿದ್ದರೂ ಒಡೆಯದ ಗಾಜಿನ ಕನ್ನಡಕ ಹಾಕುತ್ತಾಳೆ. ಅದರ ಬಗ್ಗೆ ಅಕ್ಕ ಒಂದಿಷ್ಟೂ ಸಡಿಲ ಬಿಡುವುದಿಲ್ಲ.

"ಆ ಕಣ್ಣು ಈಗ ಎಲ್ಲಿದೆ ಚಿಕ್ಕಮ್ಮ?" ಎಂದು ಹೋದ ವರ್ಷ ಕೇಳಿದಳು. ನಾನು ಗೊತ್ತಿದ್ದಷ್ಟು ಹೇಳಿದೆ. ತೆಗೆದ ಗುಡ್ಡೆಯನ್ನು ಫಾರ್ಮಲಿನ್‌ನಲ್ಲಿ ಇಟ್ಟು, ಪಾಪೆಯಿಂದ ದೃಷ್ಟಿನರದವರೆಗೆ ಕೊಯ್ದು, ಮೇಣದಲ್ಲಿ ಕೂರಿಸಿ, ಬಹಳ ತೆಳುವಾದ ಹಾಳೆಗಳಾಗಿ ಕತ್ತರಿಸಿ ಗಾಜಿನ ಮೇಲೆ ಹಚ್ಚುತ್ತಾರೆ. ಗುಲಾಬಿ, ನೇರಳೆ ಬಣ್ಣ ಕೊಡುತ್ತಾರೆ. ಯಾರೋ ಒಬ್ಬ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಆ ಕಣ್ಣನ್ನು ತಮ್ಮ ಕಣ್ಣಿನಿಂದ ನೋಡಿ, ನರದ ಕತ್ತರಿಸಿದ ತುದಿಯಲ್ಲಿ ಕ್ಯಾನ್ಸರ್ ಇಲ್ಲ ಎಂದು ಬರೆದರು. ಆ ಒಂದು ಸಾಲಿನಿಂದ ಅವಳಿಗೆ ಕಿಮೋ ತಪ್ಪಿತು. ಅವಳು ಸ್ವಲ್ಪ ಯೋಚಿಸಿ, "ಅಂದ್ರೆ ಅದು ಕಡೇಗೆ ನನಗೋಸ್ಕರ ಸಾಕ್ಷಿ ಹೇಳ್ತು" ಅಂದಳು.

ಗೂಡು ಬದಲಾದದ್ದರಿಂದ ಈಗ ಹೊಸ ಚಿಪ್ಪು ಬೇಕಾಯಿತು. ಇದೂ ಹಳೆಯ ವಿದ್ಯೆ. ಇರಾನಿನ ಶಹರ್-ಎ-ಸೂಖ್ತೆಯಲ್ಲಿ 2006ರಲ್ಲಿ ಅಗೆದಾಗ ಸಿಕ್ಕ ಹೆಣ್ಣೊಬ್ಬಳ ಅಸ್ಥಿಯಲ್ಲಿ ಸುಮಾರು 4,800 ವರ್ಷ ಹಿಂದಿನ ಕೃತಕ ಕಣ್ಣಿತ್ತು, ರಾಳದಂಥ ವಸ್ತುವಿನದು, ರಕ್ತನಾಳಗಳಿಗೆ ಬಂಗಾರದ ನವಿರು ತಂತಿ. ಗೂಡಿನಲ್ಲಿ ಅದು ಊರಿದ ಗುರುತೂ ಇತ್ತು, ಬದುಕಿದ್ದಾಗಲೇ ತೊಟ್ಟಿದ್ದಳು. ಆಮೇಲೆ ಎಷ್ಟೋ ಶತಮಾನ ಕಳೆದು ಜರ್ಮನಿಯ ಲೌಶಾದ ಗಾಜು ಬಂತು. ಎರಡನೇ ಮಹಾಯುದ್ಧದಲ್ಲಿ ಆ ಗಾಜು ಸಿಗದಾದಾಗ ಹಲ್ಲಿನ ಸೆಟ್ ಮಾಡುವ ಅಕ್ರಿಲಿಕ್‌ನಿಂದ ಸೇನೆಯ ದಂತವೈದ್ಯರು ಕಣ್ಣು ಮಾಡಿದರು. ಇವತ್ತೂ ಅದೇ ವಸ್ತು. ಗೂಡಿನ ಅಚ್ಚು ತೆಗೆದು ಚಿಪ್ಪು ಎರೆದು, ಬಿಳಿಯ ಮೇಲೆ ಕೆಂಪು ರೇಷ್ಮೆಯ ಎಳೆ ಇಟ್ಟು ನರ ಮಾಡುತ್ತಾರೆ.

ಹೊಸ ಕಣ್ಣಿನ ಬಣ್ಣ ಹಾಕಿಸುವ ದಿನ ನಾನೂ ಹೋಗಿದ್ದೆ. ಕಿಟಕಿಯ ಬಳಿ ಅವಳನ್ನು ಕೂರಿಸಿ ಆ ಕುಶಲಕರ್ಮಿ ಅವಳ ಬಲಗಣ್ಣನ್ನು ನೋಡುತ್ತಾ ಬರೆಯುತ್ತಿದ್ದರು. ನಾವು ಕಪ್ಪು ಎಂದು ಒಂದೇ ಮಾತಿನಲ್ಲಿ ಮುಗಿಸುವ ಕಣ್ಣಿನಲ್ಲಿ ಜೇನಿನ ಬಣ್ಣದ ಎಳೆ, ಹೊರಗೆ ಬೂದು ಅಂಚು, ಒಳಗೆ ಕಾಫಿ ಡಿಕಾಕ್ಷನ್ನಿನ ಗಾಢ, ಒಂದರ ಮೇಲೊಂದು ಬಂದವು. ಕೊನೆಗೆ ಪಾಪೆಯ ಸರದಿ. ಬದುಕಿರುವ ಪಾಪೆ ಬಿಸಿಲಿಗೆ ಕುಗ್ಗುತ್ತದೆ, ಕತ್ತಲಿಗೆ ಅರಳುತ್ತದೆ. ಬರೆದ ಪಾಪೆಗೆ ಒಂದೇ ಅಳತೆ. ಯಾವ ಬೆಳಕಿನದು ಎಂದು ಯಾರಾದರೂ ಆರಿಸಬೇಕು.

"ಯಾವ ಹೊತ್ತಿಗೆ ಸರಿಹೋಗೋ ಹಾಗೆ ಮಾಡ್ಲಮ್ಮ?" ಎಂದು ಅವರು ಕೇಳಿದರು. "ಹೊರಗಡೆ ಜಾಸ್ತಿ ಇರ್ತೀಯಾ, ಒಳಗಡೆನಾ?"

"ಸಂಜೆ ಮೆಟ್ರೋದಲ್ಲಿ ಫ್ರೆಂಡ್ಸ್ ಜೊತೆ ಬರ್ತೀನಲ್ಲ ಸಾರ್, ಆ ಬೆಳಕಿಗೆ ಮಾಡಿ," ಅಂದಳು. ಅವರು ಕಿಟಕಿಯ ಪರದೆಯನ್ನು ಅರ್ಧ ಎಳೆದು, ಸ್ಕೇಲ್ ಹಿಡಿದು ಅವಳ ಬಲಗಣ್ಣಿನ ಪಾಪೆ ಅಳೆದರು. ನಾಲ್ಕು ಮಿಲಿಮೀಟರ್ ಬಂತು.